ಲೈಸೆನ್ಸ್ ಕೊಟ್ಟರೆ ಬೀದೀಲಿ ನಿಂತ ಬಡ ಹೆಂಗಸಿಗೆ ಏನು ಸಿಗುತ್ತೆ? (ಲೈಂಗಿಕ ವೃತ್ತಿ, ಕಾನೂನು, ಬಡತನ)

#1 ಬಸವನಗುಡಿ_ಬಿಸಿಕಾಫಿ
ವೇಶ್ಯಾವಾಟಿಕೆ ಕಾನೂನುಬದ್ಧ ಆಗಬೇಕು ಅನ್ನೋರ ಬಾಯಲ್ಲಿ ಯಾವಾಗಲೂ ಮೂರೇ ಮಾತು: ಲೈಸೆನ್ಸ್ ಕೊಡಿ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ತೆರಿಗೆ ಹಾಕಿ. ಬೇಡ ಅನ್ನೋರದ್ದು ಒಂದೇ ಮಾತು: ಬಡತನ ಹೋದರೆ ಇದೂ ಹೋಗುತ್ತೆ. ಮೆಜೆಸ್ಟಿಕ್ಕಲ್ಲೋ ಕಲಾಸಿಪಾಳ್ಯದಲ್ಲೋ ನಿಂತಿರೋ ಹೆಂಗಸಿನ ಒಂದು ದಿನದ ಲೆಕ್ಕ ಮಾತ್ರ ಎರಡೂ ಕಡೆಯವರು ಹೇಳಲ್ಲ. ಅವಳ ಮೇಲೆ ಈಗ ಯಾವ ಕೇಸ್ ಬೀಳುತ್ತೆ, ಕೈಗೆ ಎಷ್ಟು ಉಳಿಯುತ್ತೆ, ಲೈಸೆನ್ಸ್ ಬಂದರೆ ಇದರಲ್ಲಿ ಯಾವುದು ಬದಲಾಗುತ್ತೆ? ಗೊತ್ತಿರೋರು ಹೇಳಿ. ನೀತಿಪಾಠ ದಯವಿಟ್ಟು ಬೇಡ.

#2 ಹದಿನೆಂಟನೇ_ಕ್ರಾಸ್
ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಗುರು? 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಯ್ತು, ಒಪ್ಪಿಗೆ ಇದ್ದರೆ ಪೊಲೀಸರು ಮುಟ್ಟೋ ಹಾಗಿಲ್ಲ ಅಂತ. ಎಲ್ಲಾ ಪೇಪರಲ್ಲೂ ಬಂದಿತ್ತು. ಬಾಕಿ ಇರೋದು ಜರ್ಮನಿ ಥರ ಲೈಸೆನ್ಸ್ ಕೊಡೋದಷ್ಟೇ.

#3 ಕಡತ_ಕಂತೆ
#2, ಪೇಪರಲ್ಲಿ ಬಂದದ್ದು ನಿಜ, ಆದರೆ ಆದೇಶದಲ್ಲಿ ಇರೋದು ಬೇರೆ.

ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ, 19 ಮೇ 2022. ನ್ಯಾಯಮೂರ್ತಿಗಳಾದ ನಾಗೇಶ್ವರ ರಾವ್, ಗವಾಯಿ, ಬೋಪಣ್ಣ ಅವರ ಪೀಠ. 2011ರಲ್ಲಿ ಕೋರ್ಟೇ ನೇಮಿಸಿದ್ದ ಸಮಿತಿ ಹತ್ತು ಶಿಫಾರಸು ಕೊಟ್ಟಿತ್ತು. ಅದರಲ್ಲಿ 2, 4, 5, 6, 7, 9ನ್ನ ರಾಜ್ಯಗಳು ಕಟ್ಟುನಿಟ್ಟಾಗಿ ಪಾಲಿಸಬೇಕು ಅಂತ ಸಂವಿಧಾನದ 142ನೇ ವಿಧಿಯ ಅಧಿಕಾರದಲ್ಲಿ ನಿರ್ದೇಶನ ಆಯ್ತು. ಉಳಿದ ನಾಲ್ಕಕ್ಕೆ ಕೇಂದ್ರದ ಆಕ್ಷೇಪ ಇತ್ತು. "ವಯಸ್ಕಳು, ಒಪ್ಪಿಗೆಯಿಂದ ಇದ್ದಾಳೆ ಅಂತಾದರೆ ಪೊಲೀಸರು ಮಧ್ಯೆ ಬರಬಾರದು" ಅನ್ನೋದು ಒಂದನೇ ಶಿಫಾರಸು. "ರೇಡಲ್ಲಿ ಹೆಂಗಸರನ್ನ ಬಂಧಿಸಬಾರದು" ಅನ್ನೋದು ಮೂರನೆಯದು. ಎರಡೂ ಆ ಆಕ್ಷೇಪದ ನಾಲ್ಕರಲ್ಲೇ ಇವೆ.

ನಿರ್ದೇಶನವಾಗಿ ಹೊರಟದ್ದೇನೂ ಕಮ್ಮಿ ಅಲ್ಲ. ಲೈಂಗಿಕ ಹಲ್ಲೆಗೆ ಒಳಗಾದವಳಿಗೆ ಕೂಡಲೇ ಚಿಕಿತ್ಸೆ, ಮಹಿಳಾ ನಿಲಯಗಳಲ್ಲಿ ಇಷ್ಟವಿಲ್ಲದೆ ಕೂತಿರೋ ವಯಸ್ಕರನ್ನ ಗುರುತಿಸಿ ಬಿಡುಗಡೆ, ಪೊಲೀಸರ ನಡವಳಿಕೆ, ಮಾಧ್ಯಮದಲ್ಲಿ ಮುಖ ತೋರಿಸಬಾರದು, ಕಾಂಡೋಮ್ ಸಿಕ್ಕಿತು ಅಂತ ಅದನ್ನೇ ಸಾಕ್ಷಿ ಮಾಡಬಾರದು, ಕಾನೂನು ಸೇವಾ ಪ್ರಾಧಿಕಾರದವರು ಹಕ್ಕುಗಳ ತಿಳಿವಳಿಕೆ ಕೊಡಬೇಕು. ಸಮಿತಿ ಸೂಚಿಸಿದ ನಮೂನೆಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡೋ ನಿರ್ದೇಶನವೂ ಅದೇ ಆದೇಶದಲ್ಲಿದೆ. ಆದರೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಒಂದು ಸೆಕ್ಷನ್ನೂ ರದ್ದಾಗಿಲ್ಲ.

#4 ಸುಮ್ನೆ_ಓದೋನು
ಅಂದ್ರೆ ಹೆಡ್‌ಲೈನ್ ಆಗಿದ್ದು ಜಾರಿಗೇ ಬರದಿರೋ ಭಾಗ. ಭೇಷ್.

#5 ಬಸವನಗುಡಿ_ಬಿಸಿಕಾಫಿ
ಹಾಗಾದರೆ ಇವತ್ತಿಗೆ ಯಾವುದು ಅಪರಾಧ? ಕೆಲಸವೇ ಅಪರಾಧವಾ?

#6 ಕಡತ_ಕಂತೆ
ಕೆಲಸ ಅಪರಾಧ ಅಲ್ಲ. ಅದನ್ನ ಮಾಡೋಕೆ ಬೇಕಾದ ಜಾಗ, ಜನ, ಮಾತು ಎಲ್ಲವೂ ಅಪರಾಧ. 1956ರ ಕಾಯ್ದೆಯ ಸೆಕ್ಷನ್ ಒಂದೊಂದೇ ನೋಡಿ.

ಸೆಕ್ಷನ್ 3, ಅಡ್ಡೆ ನಡೆಸೋದು. ಮೊದಲ ಸಲ 1ರಿಂದ 3 ವರ್ಷ, ಮತ್ತೆ ಸಿಕ್ಕಿಬಿದ್ದರೆ 2ರಿಂದ 5. ಅಡ್ಡೆ ಅಂದರೆ ಏನು ಅನ್ನೋ ವ್ಯಾಖ್ಯೆಯಲ್ಲೇ ಸಿಕ್ಕು ಇರೋದು. ಬೇರೆಯವರ ಲಾಭಕ್ಕೆ ನಡೆಯೋ ಜಾಗ ಮಾತ್ರ ಅಲ್ಲ, ಇಬ್ಬರು ಹೆಂಗಸರು ತಮ್ಮಿಬ್ಬರ ಲಾಭಕ್ಕೆ ಬಳಸೋ ರೂಮೂ ಅಡ್ಡೆಯೇ. ಯಾರಾದರೂ ಜೊತೆಗಿರಲಿ ಅನ್ನೋ ಭದ್ರತೆಗೆ ಇಬ್ಬರು ಸೇರಿ ರೂಮ್ ಹಿಡಿದರೆ ಅಲ್ಲಿಗೆ ಮೂರನೇ ಸೆಕ್ಷನ್ ಬಂತು.

ಸೆಕ್ಷನ್ 4, ಇವಳ ದುಡಿಮೆಯಲ್ಲಿ ಬದುಕೋದು, 2 ವರ್ಷದವರೆಗೆ. ತಲೆಹಿಡುಕರಿಗೆ ಅಂತ ಮಾಡಿದ್ದು. ಆದರೆ 18 ದಾಟಿದ ಮಗ, ವಯಸ್ಸಾದ ತಾಯಿ, ಯಾರೇ ಜೊತೆಯಲ್ಲಿ ವಾಸ ಮಾಡುತ್ತಿದ್ದರೂ "ಇವಳ ದುಡ್ಡಲ್ಲೇ ಬದುಕ್ತಿದ್ದಾರೆ" ಅನ್ನೋ ಊಹೆಯಿಂದಲೇ ಕಾನೂನು ಶುರುವಾಗುತ್ತೆ. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅವರ ಮೇಲೆ.

ಸೆಕ್ಷನ್ 7, ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗೆ. ಬೆಂಗಳೂರಿನ ಹಳೇ ಪೇಟೆಗಳಲ್ಲಿ ಇವು ಯಾವುದೂ 200 ಮೀಟರಿನೊಳಗೆ ಇಲ್ಲದ ಗಲ್ಲಿ ತೋರಿಸಿ ನೋಡೋಣ. ಇದರಲ್ಲಿ ಗಿರಾಕಿಗೂ 3 ತಿಂಗಳವರೆಗೆ ಶಿಕ್ಷೆ ಇದೆ, ಅದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ.

ಸೆಕ್ಷನ್ 8, ಕರೆಯೋದು, ಸನ್ನೆ ಮಾಡೋದು. ಬೀದಿಯಲ್ಲಿ ನಿಲ್ಲೋರ ಮೇಲೆ ಬೀಳೋದು ಇದೇ. ಹೆಂಗಸಾದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೇ ಸಲ ಒಂದು ವರ್ಷದವರೆಗೆ. ಅದೇ ತಪ್ಪನ್ನ ಗಂಡಸು ಮಾಡಿದರೆ 7 ದಿನದಿಂದ 3 ತಿಂಗಳು!

#7 ಜಯನಗರ_4ನೇ_ಬ್ಲಾಕ್
500 ರೂಪಾಯಿ ದಂಡ ತಾನೇ, ಟ್ರಾಫಿಕ್ ಫೈನ್ ಅದಕ್ಕಿಂತ ಜಾಸ್ತಿ ಇದೆ. ಅದೇನು ದೊಡ್ಡ ಹೊರೆ?

#8 ಕಡತ_ಕಂತೆ
ಹೊರೆ ದಂಡದ್ದಲ್ಲ ಸ್ವಾಮಿ. ಕೇಸ್ ನಡೆಸಬೇಕು ಅಂದರೆ ಜಾಮೀನಿಗೆ ಜನ ಬೇಕು, ವಿಳಾಸದ ದಾಖಲೆ ಬೇಕು, ನಾಲ್ಕಾರು ವಾಯಿದೆಗೆ ಕೋರ್ಟಿಗೆ ಅಲೆಯಬೇಕು. ಅದಕ್ಕೇ "ತಪ್ಪಾಯ್ತು" ಅಂತ ಒಪ್ಪಿಕೊಂಡು ಅದೇ ದಿನ ದಂಡ ಕಟ್ಟಿ ಹೊರಗೆ ಬರ್ತಾರೆ. ಆ ಒಪ್ಪಿಗೆ ದಾಖಲೆಯಲ್ಲಿ ಕೂತುಬಿಡುತ್ತೆ, ಮುಂದಿನ ಸಲ ಅವಳು "ಎರಡನೇ ಅಪರಾಧ"ದವಳು. ಈ ಕೇಸ್ ತೋರಿಸಿ ಹೆದರಿಸಿ ಮಾಮೂಲಿ ಕೀಳೋದು ಬೇರೆ. ರಸೀದಿ ಇಲ್ಲದ ಆ ದಂಡಕ್ಕೆ ಮಿತಿ ಹಾಕಿದವರು ಯಾರೂ ಇಲ್ಲ.

#9 ಕರಾವಳಿ_ಮೀನು
ಕಾನೂನಿನ ಸೆಕ್ಷನ್ ಎಲ್ಲ ಸರಿ ಮಾರಾಯ್ರೆ. ಆದರೆ ನೀವೆಲ್ಲ "ಒಪ್ಪಿಗೆ ಇರೋ ವಯಸ್ಕಳು" ಅನ್ನುವಲ್ಲಿಂದಲೇ ಹೊರಡ್ತೀರಿ. ಕೆಲಸ ಕೊಡಿಸ್ತೇವೆ ಅಂತ ಕರೆದುಕೊಂಡು ಬಂದು ಮಾರಿದವರ ಕತೆ ಎಲ್ಲಿ ಹೋಯಿತು? 2021ರಲ್ಲಿ ಇದೇ ಬೆಂಗಳೂರಲ್ಲಿ ಬಾಂಗ್ಲಾದೇಶದ ಯುವತಿಯ ಮೇಲಿನ ಅತ್ಯಾಚಾರದ ವಿಡಿಯೊ ಹೊರಗೆ ಬಂದ ಮೇಲೆ ಗೊತ್ತಾದದ್ದು ಸಾಗಣೆಯ ಜಾಲ. ಮರುವರ್ಷ ಏಳು ಜನರಿಗೆ ಜೀವಾವಧಿ ಆಯಿತು. ಆ ಜಾಲದವನಿಗೆ ನಾಳೆ ಲೈಸೆನ್ಸ್ ಸಿಕ್ಕಿದರೆ ಅವನು ತಲೆಹಿಡುಕ ಅಲ್ಲ, "ಮ್ಯಾನೇಜರ್". ರೇಡ್ ಮಾಡಲು ಪೊಲೀಸರಿಗೆ ಆಗ ಕಾರಣವೇ ಉಳಿಯುವುದಿಲ್ಲ.

#10 ಕಡತ_ಕಂತೆ
ಉಳಿಯುತ್ತೆ. ಸಾಗಣೆಗೆ ಭಾರತೀಯ ನ್ಯಾಯ ಸಂಹಿತೆಯ 143, 144 ಇವೆ. ಹದಿನೆಂಟರ ಕೆಳಗಿನವರಿಗೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಪೋಕ್ಸೊ ಇದೆ. ಅವನ್ನ ಮುಟ್ಟಿ ಅಂತ ಯಾರೂ ಕೇಳ್ತಿಲ್ಲ. ಆದರೆ #9 ಎತ್ತಿದ ಆತಂಕ ತಳ್ಳಿಹಾಕೋ ಹಾಗೂ ಇಲ್ಲ. ರೇಡ್ ಅನ್ನೋದು ಕೂಡಿಟ್ಟವಳಿಗೆ ಬಾಗಿಲು ತೆಗೆಯುತ್ತೆ. ಅದೇ ರೇಡಲ್ಲಿ ತಾನಾಗಿ ಬಂದವಳೂ ಸಿಕ್ಕಿ "ಸಂತ್ರಸ್ತೆ" ಅಂತ ಮಹಿಳಾ ನಿಲಯಕ್ಕೆ ಹೋಗ್ತಾಳೆ. 1956ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ಅವಳನ್ನ 1ರಿಂದ 3 ವರ್ಷ ಅಲ್ಲಿಡಬಹುದು. ಯಾವ ಅಪರಾಧಕ್ಕೂ ಅಲ್ಲದೆ! 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಇಂಥ ಮೂವರನ್ನ, ವಯಸ್ಕರನ್ನ ಅವರ ಇಷ್ಟಕ್ಕೆ ವಿರುದ್ಧವಾಗಿ ಇಡೋಕಾಗಲ್ಲ ಅಂತ ಬಿಡಿಸಿತು.

#11 ಹದಿನೆಂಟನೇ_ಕ್ರಾಸ್
ಸರಿ, ಸುಪ್ರೀಂ ಕೋರ್ಟ್ ವಿಷಯ ಒಪ್ಪಿದೆ. ಆದರೆ ಲೈಸೆನ್ಸ್ ಯಾಕೆ ಬೇಡ? ಜರ್ಮನಿ 2002ರಲ್ಲಿ ಮಾಡ್ತು, ನೆದರ್‌ಲ್ಯಾಂಡ್ಸ್ 2000ದಲ್ಲಿ. ಕಾರ್ಡ್ ಇದ್ದೋಳು ನೆಮ್ಮದಿಯಾಗಿ ಕೆಲಸ ಮಾಡ್ತಾಳೆ, ಇಲ್ಲದೋಳನ್ನ ಹಿಡೀರಿ. ಸಿಂಪಲ್.

#12 ಮಾಗಡಿರೋಡ್_ಮಾತುಗಾರ
"ಇಲ್ಲದೋಳನ್ನ ಹಿಡೀರಿ" ಅಂದ್ರಲ್ಲ, ಕಷ್ಟ ಅಲ್ಲೇ ಇರೋದು. ಜರ್ಮನಿಯ ಕತೆ ಪೂರ್ತಿ ಕೇಳಿ. 2002ರ ಕಾನೂನು ಸಾಲದು ಅಂತ 2017ರಲ್ಲಿ ಇನ್ನೊಂದು ತಂದರು. ಅದರ ಪ್ರಕಾರ ಮೊದಲು ಆರೋಗ್ಯ ಇಲಾಖೆಯಲ್ಲಿ ಸಲಹೆ ತಗೊಳ್ಳಬೇಕು, ಆ ಚೀಟಿ ಹಿಡಿದು ನೋಂದಣಿ ಮಾಡಿಸಬೇಕು. ನೋಂದಣಿ ಎರಡು ವರ್ಷಕ್ಕೆ, ಆರೋಗ್ಯ ಸಲಹೆ ಪ್ರತಿ ವರ್ಷ, 21ರೊಳಗಿನವರಿಗೆ ಆರು ತಿಂಗಳಿಗೊಮ್ಮೆ. ಅಡ್ಡೆ ನಡೆಸೋರಿಗೆ ಬೇರೆ ಪರವಾನಗಿ: ಪ್ರತಿ ಕೋಣೆಯಲ್ಲಿ ತುರ್ತು ಕರೆ ವ್ಯವಸ್ಥೆ ಇರಬೇಕು, ಕೆಲಸದ ಕೋಣೆಯಲ್ಲಿ ಮಲಗೋ ಹಾಗಿಲ್ಲ. ಓದೋಕೆ ಎಲ್ಲ ಚೆನ್ನಾಗಿದೆ.

2019ರ ಕೊನೆಗೆ ನೋಂದಣಿ ಆದೋರು ಸುಮಾರು 40,400. ಆ ದೇಶದಲ್ಲಿ ಈ ವೃತ್ತಿಯಲ್ಲಿರೋರ ಅಂದಾಜು ಲಕ್ಷಗಳಲ್ಲಿ ಓಡುತ್ತೆ. ಊರಿಗೆ ಗೊತ್ತಾಗುತ್ತೆ ಅನ್ನೋ ಭಯ, ಭಾಷೆ ಬರಲ್ಲ, ವಿಳಾಸ ಇಲ್ಲ. ಹೊರಗುಳಿದೋರೇ ಹೆಚ್ಚು.

ಇದನ್ನ ನಮ್ಮಲ್ಲಿಗೆ ತನ್ನಿ. ಮಲಗೋ ಕೋಣೆ, ಕೆಲಸದ ಕೋಣೆ ಬೇರೆ ಇರಬೇಕು ಅಂದರೆ ಒಂದೇ ರೂಮಿನ ಶೀಟ್ ಮನೆಯಲ್ಲಿ ಇರೋಳು ಪರೀಕ್ಷೆಗೆ ಕೂರೋ ಮೊದಲೇ ಫೇಲ್. ಪರವಾನಗಿ ತಗೊಳ್ಳೋನು ಯಾರು? ಬಂಡವಾಳ ಇರೋನು. ಅವನ ಕೈಕೆಳಗೆ ಹೋಗಬೇಕು, ಇಲ್ಲಾ ಕಾರ್ಡ್ ಇಲ್ಲದ ಕಳ್ಳಿ ಅನ್ನಿಸಿಕೊಂಡು ಬೀದೀಲೇ ನಿಲ್ಲಬೇಕು.

#13 ದಂಡು_ರೈಲು
ಕಾರ್ಡು, ತಪಾಸಣೆ ಎಲ್ಲ ನಮಗೆ ಹೊಸದೂ ಅಲ್ಲ. ಬ್ರಿಟಿಷರ ಕಾಲದಲ್ಲಿ 1864ರ ದಂಡುಪ್ರದೇಶ ಕಾಯ್ದೆ, 1868ರ ಸಾಂಕ್ರಾಮಿಕ ರೋಗ ಕಾಯ್ದೆ ಇದನ್ನೇ ಮಾಡಿದ್ದವು. ಹೆಂಗಸಿನ ಹೆಸರು ನೋಂದಣಿ, ಕೈಗೆ ಟಿಕೆಟ್, ಗೊತ್ತಾದ ದಿನ ತಪಾಸಣೆ. ರೋಗ ಕಂಡರೆ ಲಾಕ್ ಆಸ್ಪತ್ರೆಯಲ್ಲಿ ಕೂಡಿಹಾಕೋದು. ನಮ್ಮ ಬೆಂಗಳೂರು ದಂಡಿನಲ್ಲೂ ಅಂಥ ಆಸ್ಪತ್ರೆ ಇತ್ತು. ತಪಾಸಣೆ ಹೆಂಗಸರಿಗೆ ಮಾತ್ರ, ಸೋಲ್ಜರುಗಳಿಗೆ ಅಲ್ಲ! ಹೀಗಾಗಿ ರೋಗ ಸುತ್ತುತ್ತಲೇ ಇತ್ತು. ನೋಂದಣಿಗೆ ಹೆದರಿದವರು ಊರಾಚೆ ಜಾಗ ಹುಡುಕಿಕೊಂಡರು. 1888ರಲ್ಲಿ ಕಾಯ್ದೆ ರದ್ದಾಯ್ತು.

#14 ಸುಮ್ನೆ_ಓದೋನು
ನೂರೈವತ್ತು ವರ್ಷದ ಹಳೇ ಐಡಿಯಾನ ಜರ್ಮನಿಯಿಂದ ಇಂಪೋರ್ಟ್ ಮಾಡ್ಕೊಳ್ಳೋಕೆ ಹೊರಟಿದ್ವಾ 😄

#15 ಕೆಂಪು_ರಿಬ್ಬನ್
ಕಡ್ಡಾಯ ಟೆಸ್ಟ್ ಬಗ್ಗೆ. ಎಚ್‌ಐವಿ ಸೋಂಕು ತಗುಲಿದ ಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳೋಕೆ ವಾರಗಳೇ ಬೇಕು, ಕೆಲವು ಬಗೆಯ ಟೆಸ್ಟ್‌ನಲ್ಲಿ ಮೂರು ತಿಂಗಳವರೆಗೂ ಹೋಗಬಹುದು. ಇವತ್ತಿನ ನೆಗೆಟಿವ್ ಚೀಟಿ ಹೇಳೋದು ಕೆಲವು ವಾರದ ಹಿಂದಿನ ಸ್ಥಿತಿ. ಆದರೆ ಚೀಟಿ ಇದೆ ಅಂದ ತಕ್ಷಣ ಗಿರಾಕಿ ಕಾಂಡೋಮ್ ಬೇಡ ಅಂತಾನೆ. ಅವನಿಗೆ ಯಾವ ಚೀಟಿಯೂ ಇಲ್ಲ. ಜೊತೆಗೆ 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಾಗೇ ಇಲ್ಲ.

ಇಲ್ಲಿ ನಡೆದಿರೋ ಕೆಲಸದ ಕ್ರಮವೇ ಬೇರೆ. ನ್ಯಾಕೊ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಮಾರ್ಗಸೂಚಿಯಂತೆ ಸುಮಾರು 60 ಹೆಂಗಸರಿಗೆ ಒಬ್ಬಳು ಪೀರ್ ಎಜುಕೇಟರ್, ಅವಳೂ ಅದೇ ವೃತ್ತಿಯವಳು. ಮೂರು ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಟೆಸ್ಟ್, ಎಲ್ಲ ಒಪ್ಪಿಗೆಯ ಮೇಲೆ. ಎಚ್‌ಐವಿ ಪಾಸಿಟಿವ್ ಬಂದರೆ ಅದನ್ನ ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆ ಉಚಿತ. ಇದು ಕೆಡೋದು ಯಾವಾಗ ಗೊತ್ತಾ? ಒಂದು ಜಾಗದಲ್ಲಿ ಪದೇ ಪದೇ ರೇಡ್ ಆದಾಗ. ಹೆಂಗಸರು ಜಾಗ ಬದಲಾಯಿಸ್ತಾರೆ, ಸಿಮ್ ಬದಲಾಯಿಸ್ತಾರೆ, ಪೀರ್ ಕೈಗೆ ಸಿಗಲ್ಲ, ಮಾತ್ರೆ ಮಧ್ಯದಲ್ಲೇ ನಿಂತುಹೋಗುತ್ತೆ. ಈಗ ಬಹುಪಾಲು ಫೋನಲ್ಲೇ ನಡೆಯೋದರಿಂದ ಹುಡುಕೋದು ಇನ್ನೂ ಕಷ್ಟ. ಬೆಂಗಳೂರಲ್ಲಿ ಮುಂಬೈನ ಕಾಮಾಟಿಪುರ, ಕೋಲ್ಕತ್ತದ ಸೋನಾಗಾಚಿ ಥರ ಒಂದೇ ಕೇರಿ ಇಲ್ಲ ಅನ್ನೋದು ನೆನಪಿರಲಿ. ಲೈಸೆನ್ಸ್ ವಲಯ ಮಾಡಿ ಅನ್ನೋರು ಅದನ್ನ ಎಲ್ಲಿ ಮಾಡ್ತಾರೆ ಅಂತ ಒಂದು ವಾರ್ಡ್ ಹೆಸರು ಹೇಳಲಿ.

#16 ಜಯನಗರ_4ನೇ_ಬ್ಲಾಕ್
ಯಾವ ವಾರ್ಡ್ ಆದ್ರೂ ಆಗಲಿ, ನಮ್ಮದು ಬೇಡಪ್ಪ.

#17 ಸುಮ್ನೆ_ಓದೋನು
^ ವಲಯದ ಯೋಜನೆ ಇಲ್ಲಿಗೆ ಮುಕ್ತಾಯ.

#18 ಲೆಕ್ಕದ_ಪುಸ್ತಕ
ಬಡತನದ ಮಾತಿಗೆ ಬರ್ತೀನಿ, ಮೊದಲ ಪೋಸ್ಟಲ್ಲಿ ಕೇಳಿದ್ದು ಅದೇ ಅಲ್ವಾ.

"ಬಡವರು, ಅದಕ್ಕೆ ಬರ್ತಾರೆ" ಅಂದ್ರೆ ಅರ್ಧ ಸತ್ಯ. ಈ ಊರಲ್ಲಿ ಬಡ ಹೆಂಗಸರು ಲಕ್ಷಾಂತರ ಇದ್ದಾರೆ, ಗಾರ್ಮೆಂಟ್ಸಲ್ಲಿ, ಮನೆಗೆಲಸದಲ್ಲಿ, ಕಟ್ಟಡ ಕೆಲಸದಲ್ಲಿ. ಬಡತನಕ್ಕಿಂತ ಹೆಚ್ಚಾಗಿ ತಳ್ಳೋದು ಒಂದೇ ಸಲ ಎದುರಾಗೋ ಖರ್ಚು, ಮತ್ತೆ ಅದಕ್ಕೆ ತಂದ ವಾರದ ಸಾಲ. ಲೆಕ್ಕ ಹಾಕಿ: 10,000 ಸಾಲ ಅಂತ ಬರೆಸಿಕೊಂಡು 8,500 ಕೈಗೆ ಕೊಡ್ತಾರೆ, ವಾರಕ್ಕೆ 1,000ದಂತೆ ಹತ್ತು ವಾರ ಕಟ್ಟಬೇಕು. ಕೇಳೋಕೆ ಒಂದೂವರೆ ಸಾವಿರ ಬಡ್ಡಿ ಅಷ್ಟೇ. ಅಸಲು ವಾರವಾರವೂ ಕರಗ್ತಾ ಹೋಗೋದರಿಂದ ವರ್ಷದ ಲೆಕ್ಕದಲ್ಲಿ ಅದು ನೂರೈವತ್ತು ಪರ್ಸೆಂಟಿನ ಮೇಲಾಗುತ್ತೆ. ಗಾರ್ಮೆಂಟ್ಸ್ ಸಂಬಳ 13 ಸಾವಿರದ ಆಸುಪಾಸು, ಅದೂ ತಿಂಗಳಿಗೊಮ್ಮೆ, ಪಿಎಫ್ ಮತ್ತು ಇಎಸ್‌ಐ ಮುರಿದುಕೊಂಡು. ಸಾಲ ವಸೂಲಿಯವನು ಬರೋದು ಪ್ರತಿ ವಾರ. ವಾರದ ಕಂತಿಗೆ ತಿಂಗಳ ಸಂಬಳ ಹೊಂದಲ್ಲ. ದಿನದ ದುಡ್ಡು ಕೈಗೆ ಬರೋ ಕೆಲಸ ಯಾವುದು ಅಂತ ಹುಡುಕೋದು ಆಗ.

ಇನ್ನು ಆದಾಯ. ಗಿರಾಕಿ 800 ಕೊಟ್ಟ ಅಂತಿಟ್ಟುಕೊಳ್ಳಿ. ಲಾಡ್ಜ್ ರೂಮು, ಕರೆತಂದ ಬ್ರೋಕರ್, ಆಟೊ, ಯಾವಾಗಾದರೂ ಕೊಡಬೇಕಾದ ಮಾಮೂಲಿ. ಅರ್ಧ ಉಳಿದರೆ ದೊಡ್ಡದು. ಕೆಲಸ ಅಪರಾಧದ ಅಂಚಿನಲ್ಲಿ ಇರೋದರಿಂದಲೇ ಲಾಡ್ಜಿನವನು ರೇಟು ಏರಿಸಿರೋದು, ಅವನು ಅಪಾಯದ ಬೆಲೆ ವಸೂಲಿ ಮಾಡ್ತಾನೆ. ವಯಸ್ಸು 35-40 ದಾಟಿದ ಮೇಲೆ ಗಿರಾಕಿ ಕಮ್ಮಿ, ಆದ್ರೆ ಈ ಖರ್ಚು ಯಾವುದೂ ಕಮ್ಮಿ ಆಗಲ್ಲ.

ಬ್ಯಾಂಕ್ ಖಾತೆ, ಉಳಿತಾಯ ಎಷ್ಟು ಮುಖ್ಯ ಅನ್ನೋದಕ್ಕೆ ಕೋಲ್ಕತ್ತದ ಸೋನಾಗಾಚಿ ನೋಡಿ. 1995ರಲ್ಲಿ ಅಲ್ಲಿನ ಹೆಂಗಸರೇ ಉಷಾ ಸಹಕಾರ ಸಂಘ ಕಟ್ಟಿದರು. ಚಿಲ್ಲರೆ ದುಡ್ಡನ್ನ ದಿನಾ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳೋ ವ್ಯವಸ್ಥೆ. ಸಾಲವೂ ಅಲ್ಲೇ ಸಿಕ್ಕಿತು. ಬಡ್ಡಿಯವನ ಹಿಡಿತ ಸಡಿಲವಾದದ್ದು ಅದರಿಂದ. ಕಾನೂನು ಆಗಲೂ ಇದೇ 1956ರದ್ದೇ.

#19 ಮಾಗಡಿರೋಡ್_ಮಾತುಗಾರ
ಮೈಕ್ರೋಫೈನಾನ್ಸ್ ಕಾಟಕ್ಕೆ 2025ರಲ್ಲಿ ಸುಗ್ರೀವಾಜ್ಞೆ ಬಂತಲ್ಲ, ಮನೆ ಮುಂದೆ ಕೂತು ಗಲಾಟೆ ಮಾಡಿದರೆ ಜೈಲು ಅಂತ?

#20 ಲೆಕ್ಕದ_ಪುಸ್ತಕ
ಬಂತು. ಮಿತಿಮೀರಿದ ಬಡ್ಡಿ ತಡೆಯೋಕೆ 2004ರದ್ದೇ ಒಂದು ಕಾಯ್ದೆ ಇದೆ. ಆದ್ರೆ ದೂರು ಕೊಡೋಕೆ ಹೋಗಬೇಕಾದ್ದು ಠಾಣೆಗೆ. ಎಂಟನೇ ಸೆಕ್ಷನ್ ಕೇಸಿರೋಳು ತಾನಾಗಿ ಠಾಣೆ ಮೆಟ್ಟಿಲು ಹತ್ತುತ್ತಾಳಾ? ಬಡ್ಡಿಯವನಿಗೂ ಅದು ಗೊತ್ತು.

#21 ಹದಿನೆಂಟನೇ_ಕ್ರಾಸ್
ಗೃಹಲಕ್ಷ್ಮಿ 2,000 ಬರುತ್ತಲ್ಲ ಈಗ. ಅದೂ ಸಾಲದಾ?

#22 ಲೆಕ್ಕದ_ಪುಸ್ತಕ
ರೇಷನ್ ಕಾರ್ಡಲ್ಲಿ ಮನೆಯೊಡತಿ ಅಂತ ಯಾರ ಹೆಸರಿದೆಯೋ ಅವರಿಗೆ ಬರುತ್ತೆ. ಗಂಡನ್ನ ಬಿಟ್ಟು ಬಂದೋಳ ಹೆಸರು ಇನ್ನೂ ಊರಲ್ಲಿ ಅತ್ತೆಯ ಕಾರ್ಡಲ್ಲಿ. ದುಡ್ಡು ಹೋಗೋದು ಅತ್ತೆಗೆ. ಅಲ್ಲಿಂದ ಹೆಸರು ತೆಗೆಸಿ ಇಲ್ಲಿ ಹೊಸ ಕಾರ್ಡ್ ಮಾಡಿಸೋಕೆ ಬಾಡಿಗೆ ಮನೆಯ ವಿಳಾಸ ಬೇಕು, ಕರಾರು ಪತ್ರ ಬರೆದುಕೊಡೋ ಓನರ್ ಬೇಕು. ಆಂಧ್ರ, ತಮಿಳುನಾಡಿನ ಕಾರ್ಡ್ ಇರೋರಿಗಂತೂ ಇಲ್ಲವೇ ಇಲ್ಲ. ಫ್ರೀ ಬಸ್ಸಿಗೂ ಕರ್ನಾಟಕದ ವಿಳಾಸದ ಗುರುತು ಚೀಟಿ ಕೇಳ್ತಾರೆ.

#23 ಮಲಪ್ರಭಾ_ದಂಡಿ
ದೇವದಾಸಿ ಪದ್ಧತಿ ಬಿಟ್ಟು ಕರ್ನಾಟಕದಾಗ ಬಡತನದ ಮಾತು ಆಡಿದ್ರ ಅರ್ಧ ಕತಿ ಹೇಳಿದಂಗ. ಬೆಳಗಾವಿ, ಬಾಗಲಕೋಟಿ, ವಿಜಯಪುರ, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮುತ್ತು ಕಟ್ಟಿಸಿಕೊಂಡಾವ್ರು, ಅಂದ್ರ ದೇವರಿಗೆ ಬಿಟ್ಟಾವ್ರು, ಬಹುತೇಕ ದಲಿತ ಮನಿಯವರ. ಅಲ್ಲಿಂದ ಸಾಂಗ್ಲಿ, ಮೀರಜ್, ಪುಣೆ, ಮುಂಬೈ ದಾರಿ ಹಳೇದು. 1982ರ ಕಾಯ್ದೆದಾಗ ಶಿಕ್ಷೆ ಇತ್ತು: ಮುತ್ತು ಕಟ್ಟಿದವರಿಗೆ 3 ವರ್ಷದ ತನಕ, ತಾಯಿ-ತಂದೆನ ಮಾಡಿದ್ರ 2ರಿಂದ 5 ವರ್ಷ. ಕೇಸು ನಿಲ್ಲೂದಿಲ್ಲ ಯಾಕಂದ್ರ ಸಾಕ್ಷಿ ಹೇಳಬೇಕಾದಾಕಿನ ಮಗಳು, ಹೇಳಬೇಕಾದ್ದು ತಾಯಿ ವಿರುದ್ಧ. ಎಲ್ಲಮ್ಮನ ಗುಡ್ಡದ ಮ್ಯಾಲೆ ಕಾವಲು ಹಾಕಿದ್ರ ಮನ್ಯಾಗ ಕಟ್ತಾರ.

ಪರಿಹಾರದ ಕಡೆ ಬಂದ್ರ, ಪಿಂಚಣಿ ಸಿಕ್ಕಿದ್ದು 1993-94 ಮತ್ತ 2007-08ರ ಸಮೀಕ್ಷೆ ಪಟ್ಟ್ಯಾಗ ಹೆಸರಿದ್ದವರಿಗೆ. ಎರಡೂ ಕೂಡಿ 46 ಸಾವಿರ ಚಿಲ್ಲರ ಮಂದಿ. ಆ ಹೊತ್ತಿನಾಗ ಪುಣೆದಾಗೋ ಬೆಂಗಳೂರಾಗೋ ದುಡ್ಯಾಕ ಹೋಗಿದ್ದಾಕಿ ಪಟ್ಟ್ಯಾಗ ಬರಲಿಲ್ಲ, ಆಕಿಗೆ ಪಿಂಚಣಿನೂ ಸಿಗಲಿಲ್ಲ. ಊರು ಬಿಟ್ಟಾಕಿಗೆ ಹೆಚ್ಚು ಬೇಕಿತ್ತು, ಆಕಿನ ಹೊರಗ ಉಳದಳು.

ಲೈಸೆನ್ಸಿನವರಿಗೆ ನನ್ನ ಪ್ರಶ್ನೆ ಇಷ್ಟ: ಮುತ್ತು ಕಟ್ಟಿಸಿಕೊಂಡಾಕಿ ಕಾರ್ಡಿಗೆ ಸಹಿ ಹಾಕಿದ್ರ ಅದನ್ನ ಆಯ್ಕೆ ಅಂತ ಬರಕೊಳ್ತೀರೇನು?

#24 ಕರಾವಳಿ_ಮೀನು
#23 ಹೇಳಿದ್ದನ್ನೇ ನಾನು ಹೇಳುವುದು. ಹಾಗಾಗಿ ಸ್ವೀಡನ್ ದಾರಿ ಸರಿ. 1999ರಿಂದ ಅಲ್ಲಿ ಮಾರುವವಳಿಗೆ ಶಿಕ್ಷೆ ಇಲ್ಲ, ಕೊಳ್ಳುವವನಿಗೆ ಇದೆ. ನಾರ್ವೆ, ಐಸ್‌ಲ್ಯಾಂಡ್ 2009, ಕೆನಡಾ 2014, ಫ್ರಾನ್ಸ್ 2016, ಐರ್ಲೆಂಡ್ 2017. ಇಷ್ಟು ದೇಶ ಸುಮ್ಮನೆ ಮಾಡಿದವಾ? ನಮ್ಮಲ್ಲೂ 2006ರ ತಿದ್ದುಪಡಿ ಮಸೂದೆಯಲ್ಲಿ ಎಂಟನೇ ಸೆಕ್ಷನ್ ತೆಗೆದು ಗಿರಾಕಿಗೆ ಶಿಕ್ಷೆ ಹಾಕುವ ಪ್ರಸ್ತಾಪ ಇತ್ತು. 2009ರಲ್ಲಿ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು.

#25 ಕೆಂಪು_ರಿಬ್ಬನ್
ಎಂಟನೇ ಸೆಕ್ಷನ್ ತೆಗೆಯೋದಕ್ಕೆ ನನ್ನದೂ ಒಪ್ಪಿಗೆ. ಗಿರಾಕಿಗೆ ಶಿಕ್ಷೆ ಅನ್ನೋದು ಬೀದಿಯಲ್ಲಿ ಹೇಗೆ ಕೆಲಸ ಮಾಡುತ್ತೆ ನೋಡಿ. ಸಿಕ್ಕಿಬೀಳ್ತೀನಿ ಅನ್ನೋ ಭಯ ಇರೋನು ಬೆಳಕಿರೋ ಜಾಗದಲ್ಲಿ ನಿಂತು ಮಾತಾಡಲ್ಲ. ಬೇಗ ಹತ್ತು, ಆಮೇಲೆ ಮಾತು ಅಂತಾನೆ. ಅವನು ಕುಡಿದಿದ್ದಾನಾ, ಗಾಡಿಯಲ್ಲಿ ಇನ್ನೂ ಇಬ್ಬರಿದ್ದಾರಾ, ಕಾಂಡೋಮಿಗೆ ಒಪ್ಪುತ್ತಾನಾ, ಇದನ್ನೆಲ್ಲ ತೂಗೋಕೆ ಅವಳಿಗಿರೋದು ಆ ಎರಡು ನಿಮಿಷ, ಅದೂ ಹೋಗುತ್ತೆ. ಒಳ್ಳೆ ಗಿರಾಕಿ ಹೆದರಿ ಬರೋದು ನಿಲ್ಲಿಸ್ತಾನೆ, ಪುಂಡ ಹೆದರಲ್ಲ.

ನ್ಯೂಜಿಲೆಂಡ್ ಕಡೆ ಯಾರೂ ನೋಡಲಿಲ್ಲ. ಅಲ್ಲಿ 2003ರಲ್ಲಿ ಅಪರಾಧದ ಪಟ್ಟಿಯಿಂದಲೇ ತೆಗೆದರು, 60-59 ಮತದಲ್ಲಿ, ಒಂದೇ ಮತದ ಅಂತರ. ಹೆಂಗಸಿಗೆ ಲೈಸೆನ್ಸ್ ಇಲ್ಲ, ಕಾರ್ಡ್ ಇಲ್ಲ. ನಾಲ್ಕು ಜನದವರೆಗೆ ಒಂದೇ ಮನೆಯಲ್ಲಿ, ಅವರವರ ದುಡ್ಡು ಅವರವರ ಕೈಯಲ್ಲಿದ್ದರೆ ಯಾವ ಪರವಾನಗಿಯೂ ಬೇಡ. ಬೇರೆಯವರನ್ನಿಟ್ಟು ನಡೆಸೋನಿಗೆ ಮಾತ್ರ ಪ್ರಮಾಣಪತ್ರ ಬೇಕು. #6ರಲ್ಲಿ ಹೇಳಿದ "ಇಬ್ಬರು ಸೇರಿದರೆ ಅಡ್ಡೆ" ಅನ್ನೋದಕ್ಕೆ ಇದು ನೇರ ಉತ್ತರ. ಅಲ್ಲೂ ಹುಳುಕಿದೆ: ತಾತ್ಕಾಲಿಕ ವೀಸಾದಲ್ಲಿ ಬಂದೋರಿಗೆ ಈ ಕೆಲಸ ನಿಷಿದ್ಧ, ಅವರ ಪಾಡು ಹಳೇದೇ.

#26 ಮಲಪ್ರಭಾ_ದಂಡಿ
ನ್ಯೂಜಿಲೆಂಡಿನಾಗ ಜಾತಿ ಇಲ್ರೀ. ಮೀಟರ್ ಬಡ್ಡಿನೂ ಇಲ್ಲ. ಅಲ್ಲಿ ಕೆಲಸ ಇಲ್ಲದಾಕಿಗೆ ಸರ್ಕಾರ ಭತ್ಯೆ ಕೊಡ್ತೈತಿ. ಅದನ್ನ ಬಿಟ್ಟು ಬರೇ ಕಾನೂನು ತಂದ್ರ ಏನಾಗ್ತೈತಿ ಅಂತ ನೀವ ಹೇಳ್ರಿ.

#27 ಕೆಂಪು_ರಿಬ್ಬನ್
ಒಪ್ಪಿದೆ ಅಕ್ಕ, ಕಾನೂನು ಬದಲಾದರೆ ಸಾಲ ತೀರಲ್ಲ. ಆದರೆ ಸಾಲ ತೀರೋವರೆಗೆ ಲಾಠಿ ಏಟು ತಿನ್ನಲಿ ಅನ್ನೋದೂ ಆಗಲ್ಲ ಅಲ್ವಾ?

#28 ಮಲಪ್ರಭಾ_ದಂಡಿ
ಅದನ್ನ ನಾ ಎಲ್ಲಿ ಅಂದೆ? ಎಂಟನೇ ಸೆಕ್ಷನ್ ಕಿತ್ತು ಒಗೀರಿ, ನಾಳೆನ. ದಲ್ಲಾಳಿಗೆ ಬೋರ್ಡ್ ಹಾಕ್ಕೊಳ್ಳಾಕ ಬಿಡಬ್ಯಾಡ್ರಿ ಅಂದೆ ಅಷ್ಟ.

#29 ಜಯನಗರ_4ನೇ_ಬ್ಲಾಕ್
ಗಿರಾಕಿ ಮೇಲೆ ಈಗಲೂ ಕೇಸ್ ಹಾಕ್ತಾರಲ್ಲ, ಸ್ಪಾ ರೇಡಲ್ಲಿ ಹಿಡಿದದ್ದು ಪೇಪರಲ್ಲಿ ಬರುತ್ತೆ?

#30 ಕಡತ_ಕಂತೆ
ಹಾಕ್ತಾರೆ, ನಿಲ್ಲೋದು ಕಷ್ಟ. ಅಡ್ಡೆಯಲ್ಲಿ ಸಿಕ್ಕ ಗಿರಾಕಿ ಮೇಲೆ 3ರಿಂದ 6ನೇ ಸೆಕ್ಷನ್‌ಗಳಡಿ ಕೇಸ್ ನಡೆಯಲ್ಲ ಅಂತ ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಕೇರಳ ಹೈಕೋರ್ಟ್ 2025ರಲ್ಲಿ ತದ್ವಿರುದ್ಧ: ದುಡ್ಡು ಕೊಟ್ಟು ಪ್ರೇರೇಪಿಸೋನು ಐದನೇ ಸೆಕ್ಷನ್ನಿಗೆ ಬರ್ತಾನೆ ಅಂತ. ಹೀಗಾಗಿ ಗಡಿ ದಾಟಿದರೆ ಕಾನೂನು ಬೇರೆ. ಸಾಗಿಸಿ ತಂದವಳು ಅಂತ ಗೊತ್ತಿದ್ದೂ ಹೋದವನಿಗೆ ಮಾತ್ರ ಎಲ್ಲೆಡೆ ನ್ಯಾಯ ಸಂಹಿತೆಯ 144 ಇದೆ, ವಯಸ್ಕಳಾದರೂ 3ರಿಂದ 7 ವರ್ಷ. #9, ನೀವು ಹುಡುಕ್ತಿರೋ ಸೆಕ್ಷನ್ ಇದು.

#31 ಹದಿನೆಂಟನೇ_ಕ್ರಾಸ್
ಕೊನೇದಾಗಿ ತೆರಿಗೆ ಆದ್ರೂ ಬರ್ತಿತ್ತಲ್ಲ ಸರ್ಕಾರಕ್ಕೆ 🙂

#32 ಲೆಕ್ಕದ_ಪುಸ್ತಕ
ಸೇವೆಗೆ ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಾದರೆ ಜಿಎಸ್‌ಟಿ ನೋಂದಣಿಯೇ ಬೇಡ. ಯಾರ ಹತ್ತಿರ ವಸೂಲಿ ಮಾಡ್ತೀರಿ? ನಿಮಗೆ ತೆರಿಗೆ ಸಿಗೋದು ನಾಲ್ಕು ಮಹಡಿಯ ಸ್ಪಾ ಇಟ್ಟೋನಿಂದ. 2025ರಲ್ಲಿ ಯುಪಿಐ ಲೆಕ್ಕ ನೋಡಿ ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸಿನವರೇ "ಕ್ಯಾಶ್ ಮಾತ್ರ" ಬೋರ್ಡ್ ಹಾಕಿದ್ದು ಮರೆತುಹೋಯ್ತಾ.

#33 ಮೇಲ್ವಿಚಾರಕ
ಲಾಡ್ಜ್, ಬೀದಿ ಹೆಸರು ಕೇಳಿದ್ದ ಎರಡು ಪೋಸ್ಟ್ ಅಳಿಸಿದ್ದೇನೆ. ಮತ್ತೆ ಕೇಳಿದವರನ್ನು ಹೊರಗೆ ಹಾಕಲಾಗುವುದು. ಜಿಎಸ್‌ಟಿಗೆ ಬೇರೆ ಎಳೆ ಇದೆ.

#34 ಹೊಸ_ಸದಸ್ಯೆ_ಯಲಹಂಕ
ಆಧಾರ್ ಬಗ್ಗೆ #3ರಲ್ಲಿ ಇತ್ತು. ವಿಳಾಸದ ದಾಖಲೆ ಒಂದೂ ಇಲ್ಲದವರು ಹೇಗೆ ಮಾಡಿಸೋದು? ಮಹಿಳಾ ನಿಗಮದಿಂದ ಏನೋ ದುಡ್ಡು ಕೊಡ್ತಾರಂತಲ್ಲ, ಅದಕ್ಕೆ ಏನು ಬೇಕು?

#35 ಕೆಂಪು_ರಿಬ್ಬನ್
ವಿಳಾಸದ ದಾಖಲೆ ಬೇಡ. ನಿಗದಿತ ನಮೂನೆಯ ಪ್ರಮಾಣಪತ್ರಕ್ಕೆ ನ್ಯಾಕೊದ ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಯೋಜನಾ ನಿರ್ದೇಶಕರ ಸಹಿ ಆಗಬೇಕು. ನೇರ ಅಲ್ಲಿಗೆ ಹೋಗೋ ಬದಲು ನಿಮ್ಮ ಭಾಗದ ಸಂಘದ ಪೀರ್ ಮೂಲಕ ಕೊಡಿ, ಅವರ ಪಟ್ಟಿಯಲ್ಲಿ ಹೆಸರಿದ್ದರೆ ಗುರುತು ಹೇಳೋಕೆ ಸುಲಭ. ಕಾರ್ಡ್ ಮೇಲೆ ವೃತ್ತಿ ಬರಲ್ಲ, ಗುಟ್ಟು ಕಾಪಾಡಬೇಕು ಅಂತ ಆದೇಶದಲ್ಲೇ ಇದೆ. ಹೆಸರು, ಹುಟ್ಟಿದ ದಿನ ಎಲ್ಲ ಕಡೆ ಒಂದೇ ಥರ ಬರೆಸಿ. ವೃತ್ತಿಯಲ್ಲಿ ಕರೆಯೋ ಹೆಸರು ಒಂದು, ಮನೆ ಹೆಸರು ಒಂದು ಕೊಟ್ಟು ಆಮೇಲೆ ಬ್ಯಾಂಕಲ್ಲಿ ಸಿಕ್ಕಿಹಾಕಿಕೊಳ್ಳೋರೇ ಜಾಸ್ತಿ.

ದುಡ್ಡಿನದ್ದು ಮಹಿಳಾ ಅಭಿವೃದ್ಧಿ ನಿಗಮದ ಚೇತನಾ ಯೋಜನೆ, 30,000 ಪ್ರೋತ್ಸಾಹಧನ, ಸಣ್ಣ ವ್ಯಾಪಾರಕ್ಕೆ ಅಂತ. ಅರ್ಜಿ ಕರೆದಾಗ ಮಾತ್ರ ತಗೊಳ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ.

#36 ಲೆಕ್ಕದ_ಪುಸ್ತಕ
ಒಂದು ಸೇರಿಸ್ತೀನಿ: ವಾರದ ಸಾಲ ನೆತ್ತಿ ಮೇಲಿರೋವಾಗ ಆ 30,000 ಬಂದರೆ ವ್ಯಾಪಾರಕ್ಕೆ ಹೋಗಲ್ಲ, ಬಡ್ಡಿಯವನಿಗೆ ಹೋಗುತ್ತೆ. ಮೊದಲು ಯಾವ ಸಾಲ ಎಷ್ಟಿದೆ ಅಂತ ಬರೆದು, ಕಂತು ಜಾಸ್ತಿ ಇರೋದನ್ನ ತೀರಿಸಿಕೊಂಡು ಅರ್ಜಿ ಹಾಕಿದರೆ ಒಳ್ಳೇದು.

#37 ಹೊಸ_ಸದಸ್ಯೆ_ಯಲಹಂಕ
ತುಂಬಾ ಥ್ಯಾಂಕ್ಸ್. ಇನ್ನೊಂದು, ಪಕ್ಕದ ಮನೆ ರೇಡ್ ಆದ ಮೇಲೆ ಓನರ್ ಇಡೀ ವಠಾರ ಖಾಲಿ ಮಾಡಿ ಅಂತಿದ್ದಾನೆ. ಹಾಗೆ ಮಾಡಬಹುದಾ?

#38 ಕಡತ_ಕಂತೆ
ಅವನ ಹೆದರಿಕೆಗೆ ಕಾರಣ ಇದೆ. ಗೊತ್ತಿದ್ದೂ ಮನೆ ಕೊಟ್ಟ ಓನರ್ ಮೇಲೂ ಮೂರನೇ ಸೆಕ್ಷನ್ ಬರುತ್ತೆ. ರೇಡಾದ ಮನೆಯ ಸುದ್ದಿ ಆ ಭಾಗದಲ್ಲಿ ಓಡಾಡೋ ಪೇಪರಲ್ಲಿ ಬಂದರೆ ಸಾಕು, ಓನರಿಗೆ ಗೊತ್ತಿತ್ತು ಅಂತಲೇ ಕಾನೂನು ಊಹಿಸುತ್ತೆ. ಆದರೆ ಅದು ರೇಡಾದ ಮನೆಗೆ ಮಾತ್ರ, ಇಡೀ ವಠಾರಕ್ಕಲ್ಲ. ಹದಿನೆಂಟನೇ ಸೆಕ್ಷನ್ ಪ್ರಕಾರ ಖಾಲಿ ಮಾಡಿಸಬೇಕಾದರೂ ಮ್ಯಾಜಿಸ್ಟ್ರೇಟ್ 7 ದಿನದ ನೋಟಿಸ್ ಕೊಟ್ಟು ಕಾರಣ ಕೇಳಬೇಕು. ಉಳಿದ ಬಾಡಿಗೆದಾರರನ್ನ ಸಾಮಾನು ಬೀದಿಗೆ ಹಾಕಿ ಕಳಿಸೋ ಅಧಿಕಾರ ಅವನಿಗಿಲ್ಲ.

ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ರಸೀದಿ ಅಥವಾ ಯುಪಿಐ ದಾಖಲೆ, ಕರೆಂಟ್ ಬಿಲ್ ಒಂದು ಕಡೆ ಇಟ್ಟುಕೊಳ್ಳಿ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಯಾವ ಹೆಂಗಸಿಗಾದರೂ ವಕೀಲರು ಉಚಿತ, ಆದಾಯದ ಮಿತಿ ಇಲ್ಲ. ಏನು ಕೆಲಸ ಮಾಡ್ತೀರಿ ಅಂತ ಹೇಳಬೇಕಾದ ಅಗತ್ಯವೂ ಇಲ್ಲ.

#39 ಜಯನಗರ_4ನೇ_ಬ್ಲಾಕ್
ಅಡ್ವಾನ್ಸ್ ವಾಪಸ್ ಕೊಡದ ಓನರಿಗೂ ಇದೇ ನಂಬರಾ? ಇದು ಬೇರೆ ವಿಷಯ, ಪೇಂಟಿಂಗ್ ಖರ್ಚು ಅಂತ ಎರಡು ತಿಂಗಳ ಬಾಡಿಗೆ ಹಿಡ್ಕೊಂಡಿದ್ದಾರೆ.

#40 ಕಡತ_ಕಂತೆ
ಬೇರೆ ಎಳೆ ಶುರು ಮಾಡಿ, ಕರಾರಿನ ಪೇಂಟಿಂಗ್ ಷರತ್ತು ಇರೋ ಪುಟದ ಫೋಟೋ ಹಾಕಿ. ಹೆಸರು, ಮನೆ ನಂಬರ್ ಮಸುಕು ಮಾಡಿ.